ಸಾಯುವವ ಕನ್ನಡಿಗ, ಎಚ್ಚರಿಕೆ ಯಾರ ಭಾಷೆಯಲ್ಲಿ?

ಇ-ಸಿಗರೇಟು ಸಿಗರೇಟಿಗಿಂತ ವಾಸಿಯೋ? ಬೆಂಗಳೂರಿನ ಹುಡುಗ ಕೇಳುವ ಈ ಪ್ರಶ್ನೆಯನ್ನು ರಾಯಚೂರಿನ ಹುಡುಗನೂ ಕೇಳುತ್ತಾನೆ. ಅವನಿಗೆ ನೇರ ಉತ್ತರ ಬೇಕು.

ಬೀಡಿ, ಸಿಗರೇಟಿನಲ್ಲಿ ತಂಬಾಕು ಸುಡುತ್ತದೆ. ಮುಖ್ಯವಾಗಿ ಕೊಲ್ಲುವುದು ಆ ಸುಟ್ಟ ಹೊಗೆ. ಇ-ಸಿಗರೇಟಿನಲ್ಲಿ ಬೆಂಕಿ ಇಲ್ಲ, ದ್ರವ ಕಾದು ಆವಿಯಾಗುತ್ತದೆ. ಸಿಗರೇಟನ್ನು ಪೂರ್ತಿ ಬಿಟ್ಟು ಅದಕ್ಕೆ ಹೋದವನಿಗೆ ಹಾನಿ ಕಡಿಮೆ. ಆದರೆ ಚಟ ಹತ್ತಿಸುವ ನಿಕೋಟಿನ್ ಅದರಲ್ಲೂ ಇದೆ. ಇವತ್ತಿನವರೆಗೆ ಸೇದದ ಹುಡುಗ ಅದನ್ನು ಹಿಡಿದರೆ ತನ್ನ ಕೈಗೆ ತಾನೇ ಬೇಡಿ ಹಾಕಿಕೊಂಡಂತೆ!

ಇಂಗ್ಲೆಂಡಿನ ಸರ್ಕಾರ 2023ರಲ್ಲಿ ಸಿಗರೇಟು ಬಿಡಿಸಲೆಂದೇ 10 ಲಕ್ಷ ಸೇದುವವರಿಗೆ ಇ-ಸಿಗರೇಟು ಕೊಡುವ ಯೋಜನೆ ಸಾರಿತು. ಮಕ್ಕಳ ಕೈಗೆ ಸಿಗುತ್ತಿದ್ದ, ಬಳಸಿ ಬಿಸಾಡುವ ಇ-ಸಿಗರೇಟನ್ನು 2025ರ ಜೂನ್ 1ರಿಂದ ನಿಷೇಧಿಸಿತು. ನಮ್ಮಲ್ಲಿ? ಕರ್ನಾಟಕ 2016ರಲ್ಲೇ ಇ-ಸಿಗರೇಟು ನಿಷೇಧಿಸಿತು. 2019ರಲ್ಲಿ ದೆಹಲಿ ಇಡೀ ದೇಶಕ್ಕೆ ಕಾಯ್ದೆ ತಂದಿತು. ಮಾರಿದವನಿಗೆ ಮೊದಲ ಸಲ ಒಂದು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಸರಿ. ಆದರೆ ಸುಡುವ ಸಿಗರೇಟು, ಬೀಡಿ? ಅವು ರಾಜಾರೋಷವಾಗಿ ಅಂಗಡಿಯಲ್ಲಿ ಕೂತಿವೆ!

ಮಾನ್ವಿ, ದೇವದುರ್ಗದ ಪಾನ್ ಅಂಗಡಿ ಮುಂದೆ ನಿಂತು ನೋಡಿ. ಅಲ್ಲಿ ಜೋತಾಡುವುದು ಇ-ಸಿಗರೇಟಲ್ಲ, ಪಾನ್ ಮಸಾಲಾ ಪ್ಯಾಕೆಟ್ಟಿನ ಸರ. 2013ರಲ್ಲಿ ರಾಜ್ಯ ಸರ್ಕಾರ ಗುಟ್ಕಾ ನಿಷೇಧಿಸಿತು. ಕಂಪನಿಗಳೇನು ಬಾಗಿಲು ಹಾಕಿದವೇ? ಪಾನ್ ಮಸಾಲಾ ಒಂದು ಪ್ಯಾಕೆಟ್ಟು, ತಂಬಾಕು ಇನ್ನೊಂದು ಪ್ಯಾಕೆಟ್ಟು ಮಾಡಿದವು. ಬಾಯಲ್ಲಿ ಬೆರೆತರೆ ಅದೇ ಗುಟ್ಕಾ! ಚಾಪೆ ಕೆಳಗೆ ನುಸುಳಿದರೆ ರಂಗೋಲಿ ಕೆಳಗೆ ನುಸುಳುವವರು ಇವರು.

2016-17ರ ಸರ್ಕಾರಿ ಸಮೀಕ್ಷೆ ನೋಡಿ. ಕರ್ನಾಟಕದ ವಯಸ್ಕರಲ್ಲಿ ಸೇದುವವರು ಶೇ. 8.8, ಹೊಗೆಯಿಲ್ಲದ ತಂಬಾಕು ಬಳಸುವವರು ಶೇ. 16.3. ಅಂದರೆ ನಮ್ಮ ದೊಡ್ಡ ಶತ್ರು ಬಾಯೊಳಗಿದ್ದಾನೆ. ಹತ್ತಿ, ಮೆಣಸಿನಕಾಯಿ ಹೊಲದಲ್ಲಿ ದುಡಿಯುವವನು, ಗುಳೇ ಹೋಗಿ ಬೆಂಗಳೂರಿನ ಕಟ್ಟಡಕ್ಕೆ ಇಟ್ಟಿಗೆ ಹೊರುವವನು ಹಸಿವು, ದಣಿವು ಮರೆಯಲು ದವಡೆಯಲ್ಲಿ ಇಟ್ಟುಕೊಳ್ಳುವುದು ಅದನ್ನೇ. ಬಾಯಿ ಹುಣ್ಣಾದ ಮೇಲೆ ಕಿದ್ವಾಯಿ ಆಸ್ಪತ್ರೆಗೆ ಬಸ್ ಹತ್ತುವವನೂ ಅವನೇ.

ಅವನಿಗೆ ಎಚ್ಚರಿಕೆ ಯಾವ ಭಾಷೆಯಲ್ಲಿದೆ? 2003ರ ತಂಬಾಕು ಕಾಯ್ದೆಯ ಪ್ರಕಾರ ಪ್ಯಾಕಿನ ಮೇಲೆ ಯಾವ ಭಾಷೆ ಇದೆಯೋ ಆ ಭಾಷೆಯಲ್ಲಿ ಎಚ್ಚರಿಕೆ. ಹೆಸರನ್ನು ಇಂಗ್ಲಿಷಿನಲ್ಲಿ ಬರೆದರೆ ಎಚ್ಚರಿಕೆಯೂ ಇಂಗ್ಲಿಷಿನಲ್ಲಿ ಸಾಕು. ಕರ್ನಾಟಕದಲ್ಲಿ ಮಾರುವ ವಿಷಕ್ಕೆ ಕನ್ನಡದ ಎಚ್ಚರಿಕೆ ಕಡ್ಡಾಯವಲ್ಲ! ದುಡ್ಡು ಕನ್ನಡಿಗನದು, ಶ್ವಾಸಕೋಶ ಕನ್ನಡಿಗನದು, ಅಕ್ಷರ ಮಾತ್ರ ಪರರದು. ಬಿಡಿ ಸಿಗರೇಟು ಕೊಂಡವನು ಆ ಪ್ಯಾಕನ್ನೂ ನೋಡುವುದಿಲ್ಲ. ಬಿಡಿ ಮಾರಾಟ ನಿಷೇಧಿಸಿ, ಕೊಳ್ಳುವ ವಯಸ್ಸನ್ನು 21ಕ್ಕೆ ಏರಿಸಿದ ರಾಜ್ಯದ ತಿದ್ದುಪಡಿ 2025ರ ಮೇ ತಿಂಗಳಲ್ಲಿ ಜಾರಿಗೆ ಬಂತು. ಕಾಗದದ ಮೇಲಿನ ಈ ಕಾನೂನು ಪಾನ್ ಅಂಗಡಿಯವರೆಗೆ ನಡೆದು ಬರಬೇಕು.

ನಮ್ಮ ಒತ್ತಾಯ ಇಷ್ಟೆ. ಕರ್ನಾಟಕದಲ್ಲಿ ಮಾರುವ ಪ್ರತಿ ತಂಬಾಕು ಪ್ಯಾಕಿನ ಮೇಲೆ ಕನ್ನಡದಲ್ಲಿ ಎಚ್ಚರಿಕೆ. ದೇವದುರ್ಗ, ಮಾನ್ವಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಚಟ ಬಿಡಿಸುವ ಸಲಹೆ, ನಿಕೋಟಿನ್ ಗಮ್ಮು ಉಚಿತ. ಪ್ರತಿ ಬಸ್ ನಿಲ್ದಾಣದಲ್ಲಿ 1800-11-2356 ಎಂಬ ಕನ್ನಡದ ಫಲಕ. ಚಟ ಬಿಡಬೇಕೆನ್ನುವವರಿಗೆ ಇದು ಉಚಿತ ದೂರವಾಣಿ. ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರದಿಂದ ಕನ್ನಡದಲ್ಲೇ ಮಾತಾಡುತ್ತಾರೆ. ಇದು ಎಷ್ಟು ಜನ ಕನ್ನಡಿಗರಿಗೆ ಗೊತ್ತು?

ಯುವಕರೇ, ಬರೀ ನಿಷೇಧದಿಂದ ಚಟ ಹೋಗುವುದಿಲ್ಲ. ಬಿಡುವವನಿಗೆ ಕೈ ಕೊಡಬೇಕು, ಅದೂ ಅವನ ತಾಯಿನುಡಿಯಲ್ಲಿ. ಬೋರ್ಡಿಗೆ ಕನ್ನಡ ಕೇಳಿದ ನಾವು ಬದುಕಿಗೂ ಕನ್ನಡ ಕೇಳೋಣ!