ಎಣಿಕೆಗೆ ಬಾರದ ಜೀವಗಳು



ಕಳೆದ ತಿಂಗಳು ಗುಬ್ಬಿಗೆ ಹೋಗಿದ್ದೆ. ಹಳೆಯ ಸ್ನೇಹಿತರ ಮನೆ. ತೆಂಗು ಅಡಿಕೆ ತೋಟದವರು, ನಮ್ಮ ಪತ್ರಿಕೆಯ ಬಹುಕಾಲದ ಚಂದಾದಾರರು. ತಟ್ಟೆಯಲ್ಲಿದ್ದ ಇಡ್ಲಿ ಮುಗಿಯುವ ಮುಂಚೆಯೇ ಮನೆಯ ತಾಯಿ ಮಾತು ತೆಗೆದರು: "ಅಣ್ಣಾ, ನೀವೇ ಹೇಳಿ ಇವಳಿಗೆ. ಬೆಂಗಳೂರಲ್ಲಿ ಮೀನು ಕೊಲ್ಲೋ ಕೆಲ್ಸ ಸಿಕ್ಕಿದೆಯಂತೆ. ಕೊರಳಲ್ಲಿ ಇಷ್ಟಲಿಂಗ ಕಟ್ಟಿಕೊಂಡು ಮಾಡೋ ಕೆಲ್ಸವೇ ಇದು?"

ಮಗಳು ಎಂ.ಎಸ್ಸಿ. ಮುಗಿಸಿದ್ದಾಳೆ. ಅವಳಿಗೆ ಸಿಕ್ಕಿರುವುದು ಔಷಧಿ ಪರೀಕ್ಷಿಸುವ ಪ್ರಯೋಗಾಲಯದ ಕೆಲಸ. ಅಲ್ಲಿ ಹೊಸ ರಾಸಾಯನಿಕಗಳನ್ನು ಇಲಿ ಮೊಲಗಳಿಗೆ ಕೊಡುವ ಮುಂಚೆ ಝೀಬ್ರಾ ಮೀನಿನ ಮರಿಗಳ ಮೇಲೆ ನೋಡುತ್ತಾರಂತೆ. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. "ಮುಂದಿನ ಸಂಚಿಕೆಯಲ್ಲಿ ಬರೀತೀನಿ ತಾಯಿ" ಎಂದು ಎದ್ದು ಬಂದೆ. ಅದು ನುಣುಚಿಕೊಳ್ಳುವ ಮಾತು ಎಂದು ಆಕೆಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ತುಮಕೂರಿಗೆ ಬಂದವನು ಒಂದಿಷ್ಟು ಓದಿದೆ, ಆ ಹುಡುಗಿಯನ್ನೇ ಎರಡು ಸಲ ಫೋನಿನಲ್ಲಿ ಕೇಳಿ ತಿಳಿದುಕೊಂಡೆ. ಕೊಟ್ಟ ಮಾತಿನಂತೆ ಈಗ ಬರೆಯುತ್ತಿದ್ದೇನೆ.

ಮೀನಿನ ಕಥೆಯಲ್ಲಿ ಒಂದು ಸೋಜಿಗವಿದೆ. ಟಿಪ್ಪುವಿನ ಪತನದ ನಂತರ, 1800-01ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ನಮ್ಮ ಸೀಮೆಯನ್ನೆಲ್ಲ ಸುತ್ತಿ ವರದಿ ಬರೆದ ವೈದ್ಯ ಫ್ರಾನ್ಸಿಸ್ ಬುಕಾನನ್‌ನ ಹೆಸರು ಇತಿಹಾಸ ಬಲ್ಲವರಿಗೆ ಗೊತ್ತು. ತುಮಕೂರು, ಗುಬ್ಬಿ ಎಲ್ಲವೂ ಆ ವರದಿಯಲ್ಲಿವೆ. ಅದೇ ಬುಕಾನನ್ 1822ರಲ್ಲಿ ಗಂಗಾ ನದಿಯ ಮೀನುಗಳ ಬಗ್ಗೆ ಪುಸ್ತಕ ಪ್ರಕಟಿಸಿ, ಅದರಲ್ಲಿ ಮೈಮೇಲೆ ನೀಲಿ ಪಟ್ಟೆಗಳಿರುವ ಪುಟ್ಟ ಮೀನೊಂದಕ್ಕೆ ಮೊದಲ ಬಾರಿಗೆ ಶಾಸ್ತ್ರೀಯ ಹೆಸರು ಕೊಟ್ಟ. ಅದೇ ಈ ಝೀಬ್ರಾ ಮೀನು. ನಮ್ಮ ದೇಶದ ಗದ್ದೆ, ಹಳ್ಳಗಳ ಮೀನು ಇವತ್ತು ಜಗತ್ತಿನ ಪ್ರಯೋಗಾಲಯಗಳನ್ನು ತುಂಬಿದೆ. ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿರುವ ಎನ್‌ಸಿಬಿಎಸ್ ಸಂಸ್ಥೆಯಲ್ಲಿ ನರಮಂಡಲದ ಅಧ್ಯಯನಕ್ಕೆ ಇದೇ ಮೀನನ್ನು ಸಾಕುತ್ತಾರೆ.

ಯಾಕೆ ಇದೇ ಮೀನು? ಮೊಟ್ಟೆ ತಾಯಿಯ ಹೊಟ್ಟೆಯ ಹೊರಗೇ ಬೆಳೆಯುತ್ತದೆ, ಮರಿ ಗಾಜಿನಂತೆ ಪಾರದರ್ಶಕ. ಒಂದು ದಿನ ಕಳೆಯುವಷ್ಟರಲ್ಲಿ ಹೃದಯ ಬಡಿಯತೊಡಗುತ್ತದೆ. ಚರ್ಮ ಕೊಯ್ಯದೆಯೇ ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡಬಹುದು. ಐದನೇ ದಿನಕ್ಕೆ ಅದರ ಉದ್ದ ನಾಲ್ಕು ಮಿಲಿಮೀಟರಿನ ಆಸುಪಾಸು, ಒಂದು ಅಕ್ಕಿಕಾಳಿಗಿಂತ ಚಿಕ್ಕದು. ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆಯಲ್ಲಿ 96 ಗುಳಿಗಳಿರುತ್ತವೆ. ಒಂದೊಂದು ಗುಳಿಗೂ ಒಂದೆರಡು ಮರಿ, ಒಂದು ಹನಿ ಔಷಧಿ. ಉಳಿದದ್ದು ಯಂತ್ರದ ಕೆಲಸ. ಅಮೆರಿಕದ ಎಂಐಟಿಯವರು 2010ರಲ್ಲಿ ತೋರಿಸಿದ ಯಂತ್ರ ಮರಿಯನ್ನು ಸಣ್ಣ ಕೊಳವೆಯಲ್ಲಿ ತಾನೇ ಹೀರಿಕೊಂಡು, ಬೇಕಾದ ಕಡೆಗೆ ಹೊರಳಿಸಿ, ಚಿತ್ರ ತೆಗೆದು ಮುಂದಕ್ಕೆ ಕಳಿಸುತ್ತದೆ. ಒಂದು ಮರಿಗೆ ಇಪ್ಪತ್ತು ಸೆಕೆಂಡಿಗಿಂತ ಕಡಿಮೆ.

ಇದರಿಂದ ಉಪಯೋಗವಾಗಿದೆಯೇ ಎಂಬ ಪ್ರಶ್ನೆಗೆ ನಾನು ಕುಣಿಗಲ್ಲಿನ ಒಂದು ಮನೆಯನ್ನು ನೆನೆಯದೆ ಉತ್ತರಿಸಲಾರೆ. ನಮ್ಮ ಬಳಗದವರೇ. ಏಳು ವರ್ಷದ ಮಗುವಿಗೆ ಫಿಟ್ಸ್. ಹುಟ್ಟಿದ ವರ್ಷ ಜ್ವರದಲ್ಲಿ ಬಂದದ್ದು, ಈಗ ಜ್ವರವಿಲ್ಲದೆಯೂ ಬರುತ್ತದೆ. ಮೂರು ಬಗೆಯ ಮಾತ್ರೆ ಕೊಟ್ಟರೂ ನಿಂತಿಲ್ಲ. ತಂದೆ ರಾತ್ರಿಯಿಡೀ ಮಗುವಿನ ಎದೆಯ ಮೇಲೆ ಕೈಯಿಟ್ಟುಕೊಂಡೇ ಮಲಗುತ್ತಾರೆ. ಡ್ರಾವೆಟ್ ಎಂಬ ವಂಶವಾಹಿ ದೋಷ ಅದು. ಇದೇ ಕಾಯಿಲೆಯ ವಂಶವಾಹಿ ದೋಷವಿರುವ ಮೀನುಮರಿಗಳ ಮೇಲೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 320 ರಾಸಾಯನಿಕಗಳನ್ನು ಪರೀಕ್ಷಿಸಿದರು. ಅಲರ್ಜಿಗೆ ಹಿಂದೆ ಕೊಡುತ್ತಿದ್ದ ಕ್ಲೆಮಿಜೋಲ್ ಎಂಬ ಹಳೆಯ ಔಷಧಿ ಆ ಮರಿಗಳ ಸೆಳೆತವನ್ನು ತಡೆದದ್ದು 2013ರಲ್ಲಿ ಪ್ರಕಟವಾಯಿತು. ಅದೀಗ ಮನುಷ್ಯರ ಮೇಲಿನ ಪರೀಕ್ಷೆಯ ಹಂತಕ್ಕೆ ಬಂದಿದೆ. ಗುಣವಾಗುತ್ತದೆಂದು ನಾನು ಹೇಳುತ್ತಿಲ್ಲ. ಆದರೆ ಆ ತಂದೆಯ ಮುಂದೆ ನಿಂತು, "ಮೀನುಮರಿಯನ್ನು ಮುಟ್ಟಬಾರದಾಗಿತ್ತು" ಎನ್ನುವ ಧೈರ್ಯ ನನಗಿಲ್ಲ.

ಥಾಲಿಡೊಮೈಡ್ ದುರಂತವನ್ನು ಹಿರಿಯ ಓದುಗರು ಕೇಳಿರಬಹುದು. 1950ರ ದಶಕದ ಕೊನೆಯಲ್ಲಿ ಗರ್ಭಿಣಿಯರ ವಾಕರಿಕೆಗೂ ಕೊಟ್ಟ ಮಾತ್ರೆ ಅದು. ಕೈಕಾಲು ಸರಿಯಾಗಿ ಬೆಳೆಯದ ಸಾವಿರಾರು ಮಕ್ಕಳು ಹುಟ್ಟಿದವು. ಇಲಿಗಳಲ್ಲಿ ಆ ದೋಷ ಕಾಣುತ್ತಿರಲಿಲ್ಲ. 2010ರಲ್ಲಿ ಜಪಾನಿನ ವಿಜ್ಞಾನಿಗಳು ಅದರ ಕಾರಣವನ್ನು ಪತ್ತೆ ಹಚ್ಚಿದ್ದು ಈ ಮೀನಿನ ಮರಿ ಮತ್ತು ಕೋಳಿಯ ಭ್ರೂಣಗಳ ಸಹಾಯದಿಂದ. ದೊಡ್ಡ ಪ್ರಾಣಿಯ ಮೇಲೆ ಮಾಡಿದ್ದೆಲ್ಲ ಹೆಚ್ಚು ನಂಬಿಕೆಗೆ ಯೋಗ್ಯ ಎನ್ನುವಂತಿಲ್ಲ.

ಇನ್ನು ತಾಯಿಯ ಪ್ರಶ್ನೆ. ದಯೆಯ ಮೇಲಿನ ಬಸವಣ್ಣನವರ ವಚನ ನಮ್ಮಲ್ಲಿ ಮಕ್ಕಳಿಗೂ ಬಾಯಿಪಾಠ. ಜಾತ್ರೆಗಳಲ್ಲಿ ಕುರಿಕೋಣ ಕಡಿಯುವುದರ ವಿರುದ್ಧ ಬಿಸಿಲಲ್ಲಿ ನಿಂತು ಮಾತಾಡಿದವರು ನಾವು. ಪ್ರಾಣಿಬಲಿ ತಡೆಯುವ ಕಾಯ್ದೆ ನಮ್ಮ ರಾಜ್ಯದಲ್ಲಿ 1959ರಿಂದ ಇದೆ, ಇಂದಿಗೂ ಅದನ್ನು ನೆನಪಿಸಬೇಕಾಗಿದೆ. ಹಾಗಿದ್ದವರು ಪ್ರಯೋಗಾಲಯದ ಬಲಿಯನ್ನು ಒಪ್ಪುವುದೇ? ದೇವರ ಹೆಸರಿನ ಬಲಿಯಿಂದ ಯಾರ ಜ್ವರವೂ ಇಳಿಯಲಿಲ್ಲ, ಇಲ್ಲಿ ಇಳಿಯುತ್ತದೆ. ಈ ವ್ಯತ್ಯಾಸ ಸಣ್ಣದಲ್ಲ. ಆದರೆ ಕೊಲ್ಲುವುದು ಕೊಲ್ಲುವುದೇ, ಅದಕ್ಕೆ ಬೇರೆ ಹೆಸರಿಡುವುದು ಬೇಡ.

ನಮ್ಮ ಕೈಯೂ ಶುದ್ಧವಲ್ಲ. ನಾನು ದಿನಾ ಬೆಳಿಗ್ಗೆ ಬಿ.ಪಿ. ಮಾತ್ರೆ ನುಂಗುವವನು, ಅದರ ಹಿಂದೆ ಎಷ್ಟು ಇಲಿ, ನಾಯಿಗಳಿವೆಯೋ ಒಂದು ದಿನವೂ ಕೇಳಿದವನಲ್ಲ. ಗುಬ್ಬಿಯ ಆ ತೋಟದಲ್ಲಿ ನುಸಿಗೆ ಔಷಧಿ ಹೊಡೆಸಿದ ದಿನ ಸತ್ತ ಜೀವಗಳ ಲೆಕ್ಕ ಯಾರು ಇಟ್ಟರು? ಇದನ್ನು ಆ ತಾಯಿಗೆ ಹೇಳಿದಾಗ ಬೇಸರ ಮಾಡಿಕೊಂಡರು. ಆಮೇಲೆ, "ಅದೂ ನಿಜವೇ" ಎಂದರು.

ನನ್ನ ಅಳುಕು ಇರುವುದು ಯಂತ್ರದ ಬಗ್ಗೆ. ಕಪಿಲೆ ಹೊಡೆಯುತ್ತಿದ್ದ ಕಾಲದಲ್ಲಿ ಒಂದೊಂದು ಬಾನಿ ನೀರಿಗೂ ಎತ್ತಿನ ದಣಿವು ಕಣ್ಣಿಗೆ ಕಾಣುತ್ತಿತ್ತು, ನೀರನ್ನು ಅಳೆದು ಬಿಡುತ್ತಿದ್ದೆವು. ಸ್ವಿಚ್ ಒತ್ತಿದರೆ ನೀರು ಬರುವಂತಾದ ಮೇಲೆ ಲೆಕ್ಕ ಮರೆತು ಕೊಳವೆಬಾವಿಗಳನ್ನು ಬತ್ತಿಸಿಕೊಂಡೆವು. ಪ್ರಯೋಗಾಲಯದಲ್ಲೂ ಹಾಗೆಯೇ. ಒಂದು ರಾಸಾಯನಿಕಕ್ಕೆ ಹತ್ತು ಮರಿ ಎಂದರೂ 320ಕ್ಕೆ 3200 ಮರಿ. ಕೈಯಿಂದ ಎತ್ತುವವಳಿಗೆ ಒಂದು ಮರಿ ಒದ್ದಾಡಿದ್ದು ಕಾಣುತ್ತದೆ. ಕೊಳವೆಯಲ್ಲಿ ಹಾದುಹೋದದ್ದು ಕಂಪ್ಯೂಟರಿನ ಪರದೆಯ ಮೇಲೆ ಒಂದು ಅಂಕಿ.

ಕಾನೂನೂ ಚಿಕ್ಕದರತ್ತಲೇ ತೋರಿಸುತ್ತದೆ. ರುಕ್ಮಿಣಿ ದೇವಿ ಅರುಂಡೇಲ್ ಅವರ ಶ್ರಮದ ಫಲವಾಗಿ ಬಂದ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 17ನೇ ಕಲಮು, ಸಣ್ಣ ಪ್ರಾಣಿಗಳಿಂದ ಅದೇ ಫಲ ಸಿಗುವಂತಿದ್ದರೆ ದೊಡ್ಡ ಪ್ರಾಣಿಗಳ ಮೇಲೆ ಪ್ರಯೋಗ ಬೇಡ ಎನ್ನುತ್ತದೆ. ಆದರೆ ಮನುಷ್ಯನ ಹೊರತು ಜೀವವಿರುವ ಎಲ್ಲವೂ ಪ್ರಾಣಿಯೇ ಎಂದು ಹೇಳುವುದೂ ಅದೇ ಕಾಯ್ದೆ. ಯುರೋಪಿನಲ್ಲಿ ತಾನೇ ಆಹಾರ ತಿನ್ನಲು ಶುರುಮಾಡದ ಮೀನುಮರಿ ಪ್ರಯೋಗದ ಕಾನೂನಿನ ಲೆಕ್ಕಕ್ಕೇ ಬರುವುದಿಲ್ಲ. ಹಾಗಾಗಿ ಐದು ದಿನದೊಳಗಿನ ಮರಿಗಳ ಮೇಲೆ ಮಾಡಿದ್ದನ್ನು ಪ್ರಾಣಿಪ್ರಯೋಗವಲ್ಲ ಎಂದೇ ಬರೆದುಕೊಳ್ಳುತ್ತಾರೆ. ಈ ಜಾಣತನ ನನಗೆ ಒಪ್ಪಿಗೆಯಿಲ್ಲ. ಅದಕ್ಕೆ ನೋವು ಕಡಿಮೆ ಇರಬಹುದು, ಇರಲಿ. ಆದರೆ ನಿನ್ನೆ ಪ್ರಾಣಿಯಲ್ಲದ್ದು ಇವತ್ತು ಪ್ರಾಣಿ ಎನ್ನುವುದು ಲೆಕ್ಕ ಬರೆಯುವವನ ಅನುಕೂಲ, ಮೀನಿನದಲ್ಲ.

2023ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಔಷಧಿಗಳ ನಿಯಮಕ್ಕೆ ತಿದ್ದುಪಡಿ ತಂದು, ಪ್ರಾಣಿಗಳ ಬದಲು ಮಾನವ ಜೀವಕೋಶ, ಕಂಪ್ಯೂಟರ್ ಮಾದರಿ ಮುಂತಾದವುಗಳನ್ನು ಬಳಸಲು ಅವಕಾಶ ಕೊಟ್ಟಿದೆ. ಮೊದಲು ಆ ದಾರಿ. ಅದು ಸಾಲದಾದಾಗ ಮೀನು. ಒಮ್ಮೆ ನೋಡಿದ್ದನ್ನು ಮತ್ತೆ ನೋಡಬಾರದು, ಮುಗಿಸುವಾಗ ಅರಿವಳಿಕೆ ಕೊಡಬೇಕು, ಬಳಸಿದ ಪ್ರತಿ ಮರಿಯ ಸಂಖ್ಯೆಯೂ, ವಿಫಲವಾದ ಪ್ರಯೋಗದ್ದೂ ಸೇರಿ, ಹೊರಗೆ ಬರಬೇಕು. ಇಷ್ಟನ್ನು ಕೇಳುವ ಹಕ್ಕು ಮಾತ್ರೆ ನುಂಗುವ ನಮಗೆಲ್ಲ ಇದೆ.

ಹುಡುಗಿಗೆ ಇದನ್ನೆಲ್ಲ ಹೇಳಿದಾಗ ಅವಳು, "ದೊಡ್ಡಪ್ಪಾ, ಲೆಕ್ಕ ಬರೆಯೋದು ಹೊಸದಾಗಿ ಸೇರಿದವರ ಕೆಲ್ಸವಂತೆ, ನಾನೇ ಬರೀತೀನಿ" ಎಂದಳು. ಕಾಯಕವೆಂದು ಒಪ್ಪಿಕೊಂಡು ಹೋಗು ಎಂದೆ. ತಾಯಿಯೂ ಒಪ್ಪಿದ್ದಾರೆ, ಆಷಾಢ ಕಳೆದ ಮೇಲೆ ಸೇರಲಿ ಎಂಬ ಷರತ್ತಿನ ಮೇಲೆ. ಶರಣರ ಮನೆಯಲ್ಲಿ ಆಷಾಢದ ಲೆಕ್ಕವೇನು ತಾಯಿ ಎಂದು ಕೇಳಿದ್ದೇನೆ. ಆ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ.