ಚಪ್ಪರದಡಿಯ ಚಳವಳಿ

ಪುರೋಹಿತರಿಲ್ಲ, ವಾಲಗವಿಲ್ಲ, ರಾಹುಕಾಲದ ಚಿಂತೆಯಿಲ್ಲ. ಬಂದವರಲ್ಲೇ ಹಿರಿಯರೊಬ್ಬರು ಎದ್ದು ನಿಂತು ಪುಟ್ಟ ಪುಸ್ತಕದಿಂದ ಒಂದೊಂದೇ ಸಾಲು ಓದುತ್ತಾರೆ. ಹೆಂಡತಿ ಗಂಡನಿಗಿಂತ ಕೀಳಲ್ಲ ಎಂಬ ಪ್ರತಿಜ್ಞೆಯೂ ಅದರಲ್ಲಿದೆ. ಹುಡುಗ, ಹುಡುಗಿ ಇಬ್ಬರೂ ಎಲ್ಲರೆದುರು ಅದನ್ನು ಬಾಯಿಬಿಟ್ಟು ಹೇಳಬೇಕು. ಹಾರ ಬದಲಾಯಿಸಿದರೆ ಮದುವೆ ಮುಗಿಯಿತು, ಆಮೇಲೆ ಊಟ.

ಇದು ಕುವೆಂಪು ರೂಪಿಸಿದ ಮಂತ್ರಮಾಂಗಲ್ಯ. 1966ರಲ್ಲಿ ಅವರ ಮಗ ತೇಜಸ್ವಿ ರಾಜೇಶ್ವರಿಯವರನ್ನು ಮದುವೆಯಾದದ್ದು ಹೀಗೆಯೇ. 1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ರೈತ ಸಂಘ ಇಂಥ ಸರಳ ಮದುವೆಗಳನ್ನು ಹಳ್ಳಿಗಳಿಗೆ ಒಯ್ದಿತು. ಅದರ ಹಿಂದೆ ಆದರ್ಶವಷ್ಟೇ ಅಲ್ಲ, ಲೆಕ್ಕಾಚಾರವೂ ಇತ್ತು. ಸಾಲ ವಸೂಲಿಗೆ ಬರುವವರು ಅನುಮತಿಯಿಲ್ಲದೆ ಒಳಗೆ ಕಾಲಿಡುವಂತಿಲ್ಲ ಎಂದು ಊರ ಬಾಗಿಲಲ್ಲೇ ಬೋರ್ಡು ನೆಟ್ಟ ಸಂಘ ಅದು. ಆದರೆ ಸಾಲದ ಒಂದು ಬೇರು ಬ್ಯಾಂಕಿನಲ್ಲಲ್ಲ, ಮನೆಯ ಚಪ್ಪರದಡಿಯೇ ಇತ್ತು. ವರದಕ್ಷಿಣೆಗೂ ಅದ್ದೂರಿಗೂ ಹೊಲ ಅಡವಿಟ್ಟವನು ಬೆಲೆ ನಿಗದಿಗಾಗಿ ವಿಧಾನಸೌಧದ ಮುಂದೆ ಎಷ್ಟು ಕೂಗಿದರೇನು?

ಕೂಗುವುದರ ಜೊತೆಗೆ ತಾವೇ ಮಾಡಿ ತೋರಿಸುವ ಈ ದಾರಿಯನ್ನು ಸಂಘದ ನಾಯಕ ಪ್ರೊ. ಎಂ.ಡಿ. ನಂಜುಂಡಸ್ವಾಮಿ ಬೀಜದ ವಿಷಯದಲ್ಲೂ ಹಿಡಿದರು. 1998ರಲ್ಲಿ ಸಂಘದವರು ಮೊನ್ಸಾಂಟೊ ಕಂಪನಿಯ ಕುಲಾಂತರಿ ಹತ್ತಿಯ ಪ್ರಯೋಗದ ಹೊಲಗಳಿಗೆ ಬೆಂಕಿಯಿಟ್ಟಾಗ ದೇಶವೆಲ್ಲ ತಿರುಗಿ ನೋಡಿತು. ನಂಜುಂಡಸ್ವಾಮಿಯವರ ಕನಸಿನ ಅಮೃತಭೂಮಿ ಅಷ್ಟು ಸುದ್ದಿಯಾಗಲಿಲ್ಲ. ಚಾಮರಾಜನಗರ ಜಿಲ್ಲೆಯ ಆ ನೆಲದಲ್ಲಿ ದೇಸಿ ಬೀಜ ಉಳಿಸುತ್ತಾರೆ, ರಾಸಾಯನಿಕ ಹಾಕದೆ ಬೆಳೆ ತೆಗೆಯುವುದನ್ನು ರೈತರಿಗೆ ಕಲಿಸುತ್ತಾರೆ. ಕಂಪನಿ ಬೀಜ ಬೇಡ ಎಂದವರಿಗೆ ‘ಹಾಗಾದರೆ ಏನು ಬಿತ್ತೋಣ’ ಎಂಬ ಪ್ರಶ್ನೆ ಎದುರಾಗುವುದು ಸಹಜ. ಅಮೃತಭೂಮಿ ಅದಕ್ಕೆ ಕೊಟ್ಟ ಉತ್ತರ.

ಎಲ್ಲವೂ ಹಸನಾಗಿಯೇ ನಡೆಯಿತು ಎನ್ನಲಾಗದು. ಸಂಘ ಒಡೆದು ಹಲವು ಬಣಗಳಾಯಿತು. ಮದುವೆಯಲ್ಲಿ ಸಮಾನತೆಯ ಪ್ರತಿಜ್ಞೆ ಹೇಳಿಸಿದ ರೈತ ಚಳವಳಿಯ ವೇದಿಕೆಗಳಲ್ಲಿ ಹಸಿರು ಶಾಲು ಹೊದ್ದ ಹೆಣ್ಣುಮಕ್ಕಳು ಇಂದಿಗೂ ಬೆರಳೆಣಿಕೆಯಷ್ಟೇ. ಹಳ್ಳಿಗಳಲ್ಲೂ ಈಗ ಕಲ್ಯಾಣ ಮಂಟಪ, ಡ್ರೋನ್ ಕ್ಯಾಮೆರಾ, ಹತ್ತಾರು ಬಗೆಯ ಊಟ. ಆ ಬಿಲ್ ಕಟ್ಟಲು ಸಾಲ ಎತ್ತುವವರಲ್ಲಿ ರೈತರೂ ಇದ್ದಾರೆ.

ಸರ್ಕಾರದ ಮುಂದಿಡುವ ಬೇಡಿಕೆಗಳ ಪಟ್ಟಿ ವರ್ಷ ವರ್ಷ ಉದ್ದವಾಗುತ್ತಿದೆ; ಅದು ನ್ಯಾಯವೇ. ಅದರ ಜೊತೆಗೆ, ಯಾರ ಅಪ್ಪಣೆಗೂ ಕಾಯದೆ ನಾಳೆಯೇ ಶುರುಮಾಡಬಹುದಾದ ಕೆಲಸಗಳ ಪಟ್ಟಿಯೊಂದನ್ನೂ ರೈತ ಮುಖಂಡರು ಬರೆಯಲಿ. ಮೊದಲ ಸಾಲಿನಲ್ಲಿ ತಮ್ಮ ಮನೆಯ ಮುಂದಿನ ಮದುವೆ ಇರಲಿ.