ಯಾರೂ ತುಳಿಯದ ಹುಲ್ಲಿಗೆ ಕಾವೇರಿ

ಏಪ್ರಿಲ್‌ನ ಸುಡು ಮಧ್ಯಾಹ್ನ. ಬೆಂಗಳೂರಿನ ಒಂದು ದೊಡ್ಡ ಕಚೇರಿಯ ಮುಂದೆ ಎಕರೆಯಷ್ಟು ಹುಲ್ಲುಹಾಸು, ಅದರ ಮೇಲೆ ಗಿರಗಿರನೆ ತಿರುಗುವ ಸ್ಪ್ರಿಂಕ್ಲರ್. ಗಾಳಿ ಬೀಸಿದಾಗಲೆಲ್ಲ ಒಂದಷ್ಟು ನೀರು ಪಕ್ಕದ ಡಾಂಬರಿನ ಮೇಲೆ ಬಿದ್ದು ಹಬೆಯಾಡುತ್ತಿತ್ತು. ಹಿಂದಿನ ಗೇಟಿನಲ್ಲಿ ಟ್ಯಾಂಕರ್ ನಿಂತು ಸಂಪು ತುಂಬಿಸುತ್ತಿತ್ತು. ಸೆಕ್ಯೂರಿಟಿಯವರ ಕುರ್ಚಿಯ ಪಕ್ಕದಲ್ಲಿದ್ದ ಕುಡಿಯುವ ನೀರಿನ ಕ್ಯಾನು ಮಾತ್ರ ತಳ ಕಂಡಿತ್ತು. ಹುಲ್ಲಿನ ಅಂಚಿಗೆ ನೆಟ್ಟ ಫಲಕ ಹೇಳುತ್ತಿತ್ತು: ‘ಹುಲ್ಲಿನ ಮೇಲೆ ನಡೆಯಬಾರದು.’

ಇದೊಂದು ಕಚೇರಿಯ ಕಥೆಯಲ್ಲ. ಸಚಿವಾಲಯ, ವಿಶ್ವವಿದ್ಯಾಲಯ, ಆಸ್ಪತ್ರೆ, ಐ.ಟಿ. ಪಾರ್ಕು ಯಾವುದೇ ಇರಲಿ, ಕಟ್ಟಡ ದೊಡ್ಡದಾದಷ್ಟೂ ಮುಂದಿನ ಹುಲ್ಲು ಅಗಲವಾಗಬೇಕೆಂಬುದು ಅಲಿಖಿತ ನಿಯಮವಾಗಿದೆ. ಬೇಸಿಗೆಯಲ್ಲಿ ಹುಲ್ಲುಹಾಸು ಹಸಿರಾಗಿಯೇ ಇರಬೇಕಾದರೆ ದಿನಕ್ಕೆ ಸುಮಾರು 5 ಮಿ.ಮೀ. ನೀರು ಬೇಕು. ಒಂದು ಎಕರೆಗೆ ಅದು 20,000 ಲೀಟರ್. ತಲೆಗೆ 135 ಲೀಟರ್ ಎಂಬ ಸರ್ಕಾರಿ ಲೆಕ್ಕ ಹಿಡಿದರೆ ಸುಮಾರು 150 ಜನರ ದಿನದ ಪಾಲು. ಆ ನೀರಾದರೂ ಎಲ್ಲಿಯದು? ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂದು ಮೂರು ಕಡೆ ಪಂಪು ಮಾಡಿ, 100 ಕಿ.ಮೀ. ದೂರದಿಂದ 500 ಮೀಟರ್‌ನಷ್ಟು ಎತ್ತರಕ್ಕೆ ಏರಿಸಿ ತಂದ ಕಾವೇರಿ. ಇಲ್ಲವೇ ವರ್ಷವರ್ಷಕ್ಕೂ ಆಳಕ್ಕಿಳಿಯುವ ಕೊಳವೆಬಾವಿಯದು.

2024ರ ಮಾರ್ಚ್‌ನಲ್ಲಿ ಜಲಮಂಡಳಿ ಕೈತೋಟ, ಕಾರಂಜಿ, ವಾಹನ ತೊಳೆಯುವುದಕ್ಕೆ ಕುಡಿಯುವ ನೀರು ಬಳಸಬಾರದೆಂದು ಆದೇಶಿಸಿತು. ಮೀರಿದರೆ 5,000 ರೂಪಾಯಿ ದಂಡ, ತಪ್ಪು ಮುಂದುವರಿದರೆ ದಿನಕ್ಕೆ 500. ಮರುವರ್ಷ ಫೆಬ್ರವರಿಯಲ್ಲಿ ಮತ್ತದೇ ಆದೇಶ. ಆದೇಶ ಸರಿ, ದಂಡದ ತಕ್ಕಡಿ ಸರಿಯಿಲ್ಲ. ಕಾಂಪೌಂಡಿನೊಳಗೆ ಎರಡು ದಾಸವಾಳಕ್ಕೆ ಪೈಪು ಹಿಡಿದ ಗೃಹಿಣಿಗೂ ಮೂರೆಕರೆ ಹುಲ್ಲು ನೆನೆಸುವ ಸಂಸ್ಥೆಗೂ ಒಂದೇ ದರ! 2024ರಲ್ಲಿ ಜಿಲ್ಲಾಡಳಿತ ನಿಗದಿ ಮಾಡಿದ್ದ ದರದಲ್ಲಿ ಐದು ಕಿ.ಮೀ. ಒಳಗೆ 12,000 ಲೀಟರ್ ಟ್ಯಾಂಕರಿಗೆ 1,000 ರೂಪಾಯಿ. ಒಂದೆಕರೆ ಹುಲ್ಲಿನ ಮೂರು ದಿನದ ನೀರಿನ ಖರ್ಚೇ 5,000. ದೊಡ್ಡವರಿಗೆ ಇದು ದಂಡವಲ್ಲ, ರಸೀದಿ.

‘ನಮ್ಮದು ಎಸ್‌ಟಿಪಿ ನೀರು’ ಎಂಬ ಉತ್ತರ ಸಿದ್ಧವಿರುತ್ತದೆ. ಸಂಸ್ಕರಿಸಿದ ಕೊಳಚೆ ನೀರೇನು ಬಿಟ್ಟಿ ಬಿದ್ದಿದೆಯೆ? ಅದು ಶೌಚಾಲಯಕ್ಕೆ ಬೇಕು, ಎ.ಸಿ. ಯಂತ್ರಕ್ಕೆ ಬೇಕು, ಕಟ್ಟಡದ ಕೆಲಸಕ್ಕೆ ಬೇಕು. ಬೆಂಗಳೂರಿನ ಅಂಥ ನೀರೇ ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ಆ ಜಿಲ್ಲೆಯ ರೈತ ಟೊಮೆಟೊ ಸಾಲಿಗೆ ಹನಿ ಪೈಪು ಎಳೆದು, ಬುಡಕ್ಕೆ ಪ್ಲಾಸ್ಟಿಕ್ ಹೊದಿಕೆ ಹಾಸಿ, ಹನಿಹನಿ ಎಣಿಸುತ್ತಾನೆ. ಹನಿ ನೀರಾವರಿಗೆ ಸಬ್ಸಿಡಿ ಕೊಟ್ಟು ಅವನಿಗೆ ಬುದ್ಧಿ ಹೇಳುವ ಸರ್ಕಾರದ ಕಚೇರಿಗಳ ಮುಂದೆಯೇ ನಡುಹಗಲಿನಲ್ಲಿ ಸ್ಪ್ರಿಂಕ್ಲರ್ ತಿರುಗುತ್ತದೆ.

ಅಮೆರಿಕದ ನೆವಾಡ ರಾಜ್ಯ 2021ರಲ್ಲಿ ಈ ಬಗ್ಗೆ ಕಾನೂನನ್ನೇ ಮಾಡಿತು. ಲಾಸ್ ವೇಗಸ್ ಸುತ್ತಮುತ್ತ ಕಚೇರಿಗಳ ಮುಂದೆ, ರಸ್ತೆ ವಿಭಜಕಗಳಲ್ಲಿ ಬರೀ ನೋಟಕ್ಕೆಂದು ಬೆಳೆಸಿದ ಹುಲ್ಲಿಗೆ 2026 ಮುಗಿದ ಮೇಲೆ ಕೊಲರಾಡೊ ನದಿಯ ನೀರಿಲ್ಲ. ಮಕ್ಕಳು ಆಡುವ ಹುಲ್ಲಿಗೆ ಅಡ್ಡಿಯಿಲ್ಲ. ಅದು ಮರಳುಗಾಡು, ನಮ್ಮಲ್ಲಿ ವರ್ಷಕ್ಕೆ 970 ಮಿ.ಮೀ. ಮಳೆಯಾಗುತ್ತದಲ್ಲ ಎನ್ನಬಹುದು. ಜನವರಿಯಿಂದ ಮಾರ್ಚ್‌ವರೆಗೆ ಎಷ್ಟು ಬೀಳುತ್ತದೆ, ಹೇಳಿ.

ಹುಲ್ಲೇ ಬೇಕೆಂದರೆ ಗರಿಕೆ ಇದೆ. ಬೇಸಿಗೆಯಲ್ಲಿ ಕಂದಾಗುತ್ತದೆ, ಮೊದಲ ಮಳೆಗೆ ಚಿಗುರುತ್ತದೆ. ಆ ಕಂದು ಬಣ್ಣ ಸಾಹೇಬರ ಕಣ್ಣಿಗೆ ಚುಚ್ಚುತ್ತದೆ ಎಂಬುದಷ್ಟೇ ತೊಂದರೆ. ಉಳಿದ ಜಾಗಕ್ಕೆ ಹೊಂಗೆ, ಬೇವಿನ ನೆರಳು, ಕಣಗಿಲೆ, ನಂದಿಬಟ್ಟಲು, ಕಾಗದದ ಹೂ ಸಾಕು. ಬೇರೂರಿದ ಮೇಲೆ ಇವು ನಿತ್ಯ ನೀರು ಕೇಳುವವಲ್ಲ. ಬುಡಕ್ಕೆ ಒಣ ಎಲೆಯ ಹೊದಿಕೆ ಹಾಕಬೇಕು. ಈಗ ಮಾಲಿ ಅದೇ ಎಲೆಯನ್ನು ಬೆಳಿಗ್ಗೆ ಗುಡಿಸಿ ಮೂಲೆಯಲ್ಲಿ ಬೆಂಕಿ ಹಚ್ಚುತ್ತಾನೆ. ಅವನನ್ನು ಬೈದು ಫಲವಿಲ್ಲ. ಗುತ್ತಿಗೆದಾರನಿಗೆ ಹಸಿರು ಕಂಡರೆ ಬಿಲ್ ಪಾಸು, ನೀರಿನ ಲೆಕ್ಕ ಅವನ ಬಿಲ್ಲಿನಲ್ಲಿಲ್ಲ.

ಇನ್ನು ತಾರಸಿ ತೋಟದ ಹೊಸ ಹುಚ್ಚು. ಅರ್ಧ ಅಡಿ ಮಣ್ಣು ಬಿಸಿಲಿಗೆ ಎರಡೇ ದಿನದಲ್ಲಿ ಒಣಗುತ್ತದೆ. ಅಲ್ಲಿ ಹುಲ್ಲು ಹಾಸುವುದು ನೆಲದ ಮೇಲಿನ ತಪ್ಪನ್ನು ಮಹಡಿಗೆ ಏರಿಸಿದಂತೆ. ಓಡಾಡುವ ತಾರಸಿಗೆ ನಮ್ಮ ಮಾನಕದಲ್ಲಿ ಚದರ ಮೀಟರಿಗೆ ಸುಮಾರು 150 ಕಿಲೋ ಹೊರೆ ಹಿಡಿಯುತ್ತಾರೆ. ಒಂದಡಿ ಹಸಿ ಮಣ್ಣು 500 ಕಿಲೋ ದಾಟುತ್ತದೆ. ಎಂಜಿನಿಯರನ್ನು ಕೇಳದೆ ಮಣ್ಣು ಏರಿಸಬಾರದು. ತೆಂಗಿನ ನಾರಿನ ಪುಡಿ ಬೆರೆಸಿದ ಹಗುರ ಮಣ್ಣು, ದೊಡ್ಡಪತ್ರೆ, ಲೋಳೆಸರ, ಟೇಬಲ್ ರೋಸ್ ಅಲ್ಲಿಗೆ ಹೊಂದುತ್ತವೆ. ಉತ್ತರ ಕರ್ನಾಟಕದ ಮಣ್ಣಿನ ಮಾಳಿಗೆಯ ಮೇಲೆ ಮಳೆಗಾಲದಲ್ಲಿ ಹುಲ್ಲು ತಾನಾಗಿ ಏಳುತ್ತದೆ, ಬೇಸಿಗೆಗೆ ಒಣಗುತ್ತದೆ. ಅದಕ್ಕೆಂದು ಯಾರೂ ಕೊಡ ಹೊತ್ತು ಏಣಿ ಹತ್ತಿದ್ದಿಲ್ಲ. ಬೆಂಗಳೂರಿನಲ್ಲಿ ಸಾವಿರ ಚದರ ಮೀಟರ್ ತಾರಸಿಯ ಮೇಲೆ ವರ್ಷಕ್ಕೆ ಒಂಬತ್ತು ಲಕ್ಷ ಲೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಮಳೆ ನೀರು ಸಂಗ್ರಹ 2009ರಿಂದ ಕಡ್ಡಾಯ. ಆದರೂ ಎಷ್ಟೋ ಕಟ್ಟಡಗಳ ಪೈಪು ಇಳಿಯುವುದು ನೇರ ಮೋರಿಗೆ.

ಮಾದರಿಗೆ ದೂರ ಹೋಗಬೇಕಿಲ್ಲ. ಬನ್ನೇರುಘಟ್ಟ ರಸ್ತೆಯ ಐಐಎಂ ಆವರಣದಲ್ಲಿ ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿ ಕಲ್ಲಿನ ಗೋಡೆ, ಬಳ್ಳಿ ಹಬ್ಬಿದ ಹಾದಿ, ನೆರಳಿನ ಅಂಗಳಗಳನ್ನು ಕಟ್ಟಿದರು. ಅಲ್ಲಿ ಹಸಿರಿನ ನಡುವೆಯೇ ಜನ ನಡೆದಾಡುತ್ತಾರೆ. ಐಐಎಸ್‌ಸಿಯಲ್ಲಿ ಒಂದೂವರೆ ಹೆಕ್ಟೇರಿನಷ್ಟು ಜಾಗದಲ್ಲಿ ಪಶ್ಚಿಮಘಟ್ಟದ ಗಿಡಗಳ ಕಿರುಕಾಡು ಬೆಳೆದು ನಿಂತಿದೆ.

ನಮ್ಮ ತೀರ್ಮಾನ ಇಷ್ಟು. ಜನ ಕಾಲಿಡದ ಹುಲ್ಲುಹಾಸಿಗೆ ಸಾರ್ವಜನಿಕ ನೀರು ನಿಲ್ಲಬೇಕು. ದಂಡ ತಲೆಗೊಂದರಂತೆ ಬೇಡ, ಚದರ ಮೀಟರಿನ ಲೆಕ್ಕದಲ್ಲಿ ಬೀಳಲಿ. ಪ್ರತಿ ಸಂಸ್ಥೆಯ ತೋಟಕ್ಕೆ ಪ್ರತ್ಯೇಕ ಮೀಟರ್ ಕೂರಿಸಿ, ಅದರ ಅಂಕಿಯನ್ನು ಆ ‘ನಡೆಯಬಾರದು’ ಫಲಕದ ಜಾಗದಲ್ಲೇ ತಿಂಗಳಿಗೊಮ್ಮೆ ಬರೆಯಲಿ. ಮನೆಗಳಿಂದ ವಸೂಲಿಗೆ ಮೊದಲು ಸರ್ಕಾರ ತನ್ನ ಅಂಗಳಗಳ ಹುಲ್ಲು ಕೀಳಲಿ, ಬರುವ ಬೇಸಿಗೆಯ ಒಳಗೆ, ವಿಧಾನಸೌಧದ ಮುಂದಿನಿಂದಲೇ.